ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ

ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರುಗಳ ಲೆಕ್ಕವನ್ನು ತಿಂಗಳಿಗೊಮ್ಮೆ ನಲವತ್ತೆರಡು ಮನೆಗಳಿಗೆ ಇ-ಮೇಲ್ ಮಾಡುವ ಕೆಲಸ ಹೋದ ವರ್ಷ ನನ್ನ ಕೊರಳಿಗೆ ಬಿತ್ತು. 'ವಿವರವಾದ ಪಟ್ಟಿಯನ್ನು ಲಗತ್ತಿಸಿದ್ದೇನೆ, ದಯವಿಟ್ಟು ಪರಿಶೀಲಿಸಿ' ಎಂದು ಬರೆದೆ. ಒತ್ತಕ್ಷರ ಎಲ್ಲಾದರೂ ತಪ್ಪಿದೆಯೇನೋ ಎಂದು ಎರಡೆರಡು ಸಲ ಓದಿ ಕಳಿಸಿದೆ. ಒತ್ತಕ್ಷರಗಳೆಲ್ಲ ಸರಿಯಾಗಿದ್ದವು. ಪಟ್ಟಿ ಮಾತ್ರ ಇರಲಿಲ್ಲ.

ಹತ್ತು ನಿಮಿಷದಲ್ಲಿ ಹದಿನಾಲ್ಕು ಉತ್ತರ ಬಂದವು. ಮೂರನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರರು ಮೇಲ್ ಮಾಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ, 'ಲಗತ್ತಿಸು ಅನ್ನೋದು ಸಕರ್ಮಕ ಧಾತು ಕಣಯ್ಯಾ, ಅದಕ್ಕೊಂದು ಕರ್ಮ ಬೇಕು' ಎಂದರು. 'ಅದನ್ನೇ ಅನುಭವಿಸ್ತಾ ಇದೀನಿ ಸಾರ್' ಎಂದೆ. ಮನೆಯಲ್ಲಿ ವಿಷಯ ತಿಳಿದಾಗ ನನ್ನಾಕೆ ಹೊಸದಾಗಿ ಏನೂ ಹೇಳಲಿಲ್ಲ. 'ಬಾಗಿನ ಕೊಡೋಕೆ ಹೋಗಿ ಮೊರಾನ ಮನೇಲೇ ಬಿಟ್ಟು ಬರೋ ಪೈಕಿ ನೀವು' ಅಂದಳು, ಅಷ್ಟೆ.

ಬೇರೆ ಯಾರಾದರೂ ಆಗಿದ್ದರೆ ಇನ್ನು ಮುಂದೆ ಜಾಗ್ರತೆಯಾಗಿರೋಣ ಎಂದುಕೊಂಡು ಸುಮ್ಮನಾಗುತ್ತಿದ್ದರು. ನಾನು ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವವನು. ನಮ್ಮ ಜಾತಿಗೆ ಜಾಗ್ರತೆ ಒಗ್ಗುವುದಿಲ್ಲ. ಐದು ಸೆಕೆಂಡು ನೋಡಿ ಮುಗಿಸಬಹುದಾದ ಕೆಲಸಕ್ಕೆ ಐದು ವಾರ ಕೂತು ಯಂತ್ರ ಕಟ್ಟುತ್ತೇವೆ. ಇಂಗ್ಲಿಷಿನಲ್ಲಿ 'ಅಟ್ಯಾಚ್ಡ್' ಎಂದು ಬರೆದು ಮರೆತರೆ ಔಟ್‌ಲುಕ್ 2013ರ ಕಾಲದಿಂದಲೂ ತಾನೇ ಜ್ಞಾಪಿಸುತ್ತದೆ. ನನ್ನದು ಕನ್ನಡದ ಮರೆವು. ಅದಕ್ಕೆ ನಾನೇ ಒಂದು ಆಡ್-ಇನ್ ಬರೆಯುವುದೆಂದು ತೀರ್ಮಾನಿಸಿದೆ.

ಆಡ್-ಇನ್ ಎಂದರೆ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿರುವ ಪ್ರೋಗ್ರಾಂ. ಅದು ತನಗೆ ಬೇಕೆಂದಾಗ ಓಡುವಂತಿಲ್ಲ, ಯಜಮಾನ ಕರೆದಾಗ ಎದ್ದು ಬರಬೇಕು. ಆ ಕರೆಗೇ ಈವೆಂಟ್ ಎನ್ನುತ್ತಾರೆ, ಎದ್ದು ಬರುವ ಫಂಕ್ಷನ್ನಿಗೆ ಹ್ಯಾಂಡ್ಲರ್. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ನನ್ನಾಕೆ ಸೊಪ್ಪು ತರಲು ಹೊರಡುವಾಗ 'ಮೂರು ವಿಸಿಲ್ ಆದ್ಮೇಲೆ ಆಫ್ ಮಾಡ್ರೀ' ಎನ್ನುತ್ತಾಳಲ್ಲ, ಅಲ್ಲಿ ವಿಸಿಲ್ಲೇ ಈವೆಂಟು, ನಾನೇ ಹ್ಯಾಂಡ್ಲರು. ಅನ್ನ ಬೆಂದಿದೆಯಾ ಎಂದು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ನೋಡುವಂತಿಲ್ಲ, ಕೂಗಿದಾಗ ಹೋದರಾಯಿತು. ಒಮ್ಮೆ ಅವಳು ಮಗನಿಗೂ ಇದೇ ಮಾತು ಹೇಳಿ ಹೋಗಿದ್ದಳು. ಮೂರನೇ ವಿಸಿಲ್ಲಿಗೆ ನಾನು ಹೋಗಿ ಒಲೆ ಆರಿಸಿದೆ. ನನ್ನ ಹಿಂದೆಯೇ ಅವನೂ ಬಂದು, ಕಿವಿಯಲ್ಲಿ ಇಯರ್‌ಫೋನು, ಕಣ್ಣು ಮೊಬೈಲಿನ ಮೇಲೆ, ಅದೇ ಗುಂಡಿ ತಿರುಗಿಸಿದ. ಒಲೆ ಮತ್ತೆ ಹತ್ತಿಕೊಂಡಿತು. ಒಂದೇ ಈವೆಂಟಿಗೆ ಹ್ಯಾಂಡ್ಲರನ್ನು ಎರಡು ಸಲ ಕಟ್ಟಬಾರದು ಎಂದು ಪುಸ್ತಕಗಳಲ್ಲಿ ಬರೆದಿರುವುದರ ಅರ್ಥ ನನಗಾದದ್ದು ಆ ದಿನ, ಸೀದ ಅನ್ನ ತಿನ್ನುವಾಗ.

ಮೊದಲ ಹೆಜ್ಜೆ ಸಲೀಸಾಗಿಯೇ ಬಿತ್ತು. ಮೇಲ್ ಹೊರಡುವ ಮುಂಚೆ ಔಟ್‌ಲುಕ್ 'ಐಟಮ್‌ಸೆಂಡ್' ಎಂದು ಕರೆಯುತ್ತದೆ. ಜೊತೆಗೆ ಆ ಮೇಲನ್ನೂ, 'ಕ್ಯಾನ್ಸಲ್' ಎಂಬ ಒಂದು ಚೀಟಿಯನ್ನೂ ಕೈಗೆ ಕೊಡುತ್ತದೆ. ಆ ಚೀಟಿಯ ಮೇಲೆ 'ಹೌದು' ಎಂದು ಬರೆದು ಹಿಂದಿರುಗಿಸಿದರೆ ಮೇಲ್ ಗೇಟು ದಾಟುವುದಿಲ್ಲ. ಪತ್ರದಲ್ಲಿ 'ಲಗತ್ತಿಸಿ' ಎಂಬ ಅಕ್ಷರಗಳಿದ್ದು ಲಗತ್ತಿನ ಸಂಖ್ಯೆ ಸೊನ್ನೆಯಾಗಿದ್ದರೆ ತಡೆ, ಇಲ್ಲವಾದರೆ ಬಿಡು. ಇಷ್ಟೇ ಪ್ರೋಗ್ರಾಂ. ಔಟ್‌ಲುಕ್ಕಿನ ಇಂಥ ಒಳಬಾಗಿಲುಗಳನ್ನು ಹಿಡಿದೇ 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ಸು ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳಿಸಿಕೊಂಡು ಜಗತ್ತು ಸುತ್ತಿತ್ತು. ಅದಾದ ಮೇಲೆ ಬಾಗಿಲುಗಳಿಗೆ ಕಾವಲು ಬಿಗಿಯಾಯಿತು. ಅದೇನೇ ಇರಲಿ, ಆ ವೈರಸ್ಸಿನ ಒಂದು ಗುಣವನ್ನು ಮೆಚ್ಚಲೇಬೇಕು: ಲಗತ್ತು ನೋಡಿ ಎಂದು ಬರೆದ ಮೇಲೆ ಒಂದು ಸಲವಾದರೂ ಅದು ಲಗತ್ತನ್ನು ಮರೆಯಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ನನಗೆ ದುರಾಸೆ ಹುಟ್ಟಿತು. 'ಪಟ್ಟಿ ಎಲ್ಲಿ ಸ್ವಾಮಿ?' ಎಂದು ಬರುವ ಉತ್ತರಗಳಿಗೆ ಕೆಂಪು ಬಾವುಟ ನೆಡೋಣ ಎಂದು ಇನ್‌ಬಾಕ್ಸಿನ 'ಐಟಮ್‌ಆಡ್' ಈವೆಂಟಿಗೂ ಒಬ್ಬ ಹ್ಯಾಂಡ್ಲರನ್ನು ಕೂರಿಸಿದೆ. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿ ಬಾವುಟ ನೆಡುತ್ತಿತ್ತು. ಊಟ ಮುಗಿಸಿ ಬಂದು ನೋಡಿದರೆ ನಿಂತುಹೋಗಿತ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ತಣ್ಣಗೆ ಸತ್ತಿತ್ತು. ಔಟ್‌ಲುಕ್ ಮುಚ್ಚಿ ತೆರೆದರೆ ಮತ್ತೆ ಜೀವ, ಇನ್ನೊಂದಿಷ್ಟು ಹೊತ್ತಿಗೆ ಮತ್ತೆ ಮೌನ. ಎರಡು ದಿನ ನನ್ನ ಗ್ರಹಗತಿಯನ್ನೇ ಅನುಮಾನಿಸಿದೆ.

ನಮ್ಮ ಗೃಹಪ್ರವೇಶದ ದಿನ ಹೀಗೇ ಆಗಿತ್ತು. ಹಾಲು ಉಕ್ಕಿದ ತಕ್ಷಣ ಕೂಗು ಎಂದು ತಂಗಿಯ ಮಗನನ್ನು ಒಲೆಯ ಮುಂದೆ ಕೂರಿಸಿ ನಾನು ಪುರೋಹಿತರನ್ನು ಕರೆತರಲು ಹೋದೆ. ದೊಡ್ಡಮ್ಮ ಆ ಕಡೆ ಬಂದಿದ್ದಾರೆ. ಹುಡುಗ ಸುಮ್ಮನೆ ಕೂತಿದ್ದಾನೆ, ಇವನು ಯಾರಿಗೂ ಬೇಕಾದಂತೆ ಕಾಣಲಿಲ್ಲ. 'ಹೋಗೋ, ಬಾಳೆಎಲೆ ತಗೊಂಡು ಬಾ' ಎಂದು ಅಟ್ಟಿದ್ದಾರೆ. ಹಾಲು ಉಕ್ಕಿತು. ಕೂಗಲು ಅಲ್ಲಿ ಯಾರೂ ಇರಲಿಲ್ಲ. ನಾನು ಆಡ್-ಇನ್ ಬರೆದಿದ್ದ ಡಾಟ್‌ನೆಟ್‌ನಲ್ಲಿ ಈ ದೊಡ್ಡಮ್ಮನ ಹೆಸರು ಗಾರ್ಬೇಜ್ ಕಲೆಕ್ಟರ್. ನಾನು ಇನ್‌ಬಾಕ್ಸಿನ ಪತ್ರಗಳ ಆಬ್ಜೆಕ್ಟನ್ನು ಶುರುವಿನ ಫಂಕ್ಷನ್ನಿನೊಳಗೇ ಒಂದು ವೇರಿಯಬಲ್ಲಿಗೆ ಹಾಕಿದ್ದೆ. ಆ ಫಂಕ್ಷನ್ ಮುಗಿದ ಮೇಲೆ ಅದರ ಕೈ ಹಿಡಿದವರು ಯಾರೂ ಉಳಿಯಲಿಲ್ಲ. ದೊಡ್ಡಮ್ಮ ತಮಗೆ ಬಿಡುವಾದಾಗ ಬಂದು ಗುಡಿಸಿಕೊಂಡು ಹೋದರು. ವೇರಿಯಬಲ್ಲನ್ನು ಫಂಕ್ಷನ್ನಿನಿಂದ ಹೊರಗೆ, ಕ್ಲಾಸಿನ ಮಟ್ಟಕ್ಕೆ ಎತ್ತಿಟ್ಟೆ. ಒಂದು ಸಾಲಿನ ಬದಲಾವಣೆ. ಎರಡು ದಿನದ ನಿದ್ದೆ ಹೋಗಿದ್ದು ಬೇರೆ.

ಆಮೇಲೆ ದಸರಾ ರಜೆ ಮುಗಿಸಿ ಲ್ಯಾಪ್‌ಟಾಪು ತೆರೆದೆ. ಮೇಲುಗಳು ಒಟ್ಟಿಗೆ ಒಂದು ರಾಶಿ ಬಂದು ಬಿದ್ದವು. ಎಷ್ಟಕ್ಕೋ ಬಾವುಟವೇ ಇಲ್ಲ! ಈ ಸಲ ತಪ್ಪು ನನ್ನದಲ್ಲ ಎಂದು ತಿಳಿದಾಗ ಸಂತೋಷವೇ ಆಯಿತು. ಒಂದೇ ಸಲಕ್ಕೆ ತುಂಬಾ ಪತ್ರಗಳು ಸೇರಿದರೆ 'ಐಟಮ್‌ಆಡ್' ಕರೆಯುವುದಿಲ್ಲ ಎಂದು ಮೈಕ್ರೋಸಾಫ್ಟಿನವರು ಕೈಪಿಡಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಮದುವೆ ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯನ್ನು ನೋಡಿದ್ದೀರಲ್ಲ? ಒಬ್ಬೊಬ್ಬರೇ ಬಂದರೆ ಎಲ್ಲರಿಗೂ ಪನ್ನೀರು, ಕಲ್ಲುಸಕ್ಕರೆ, ನಗು. ಅರಸೀಕೆರೆಯಿಂದ ಗಂಡಿನ ಕಡೆಯವರ ಬಸ್ಸು ಬಂದು ಐವತ್ತು ಜನ ಒಮ್ಮೆಲೇ ನುಗ್ಗಿದರೋ, ಅವಳು ಪನ್ನೀರುದಾನಿಯನ್ನು ಎದೆಗವುಚಿಕೊಂಡು ಗೋಡೆಗೆ ಒರಗುತ್ತಾಳೆ. ತಪ್ಪಿಹೋದವರನ್ನು ಆಮೇಲೆ ನಾವೇ ಪಂಕ್ತಿಯಲ್ಲಿ ಹುಡುಕಿ ಮಾತಾಡಿಸಬೇಕು. ನಾನೂ ಹಾಗೇ ಮಾಡಿದೆ. ದಿನಕ್ಕೆರಡು ಸಲ ಇನ್‌ಬಾಕ್ಸನ್ನು ಎಣಿಸುವ ಕೋಡು ಸೇರಿಸಿದೆ.

ಪಂಕ್ತಿ ಎಂದೆನಲ್ಲ, ಅದರದ್ದೂ ಒಂದು ಕಥೆ ಇದೆ. ಹೊಸ ಔಟ್‌ಲುಕ್ ಬಂತು. ಅದಕ್ಕೆ ನನ್ನ ಹಳೆಯ ಬಗೆಯ ಆಡ್-ಇನ್ ನಡೆಯುವುದಿಲ್ಲ. ಎಲ್ಲವನ್ನೂ ಜಾವಾಸ್ಕ್ರಿಪ್ಟಿನಲ್ಲಿ ಬರೆಯಬೇಕಾಯಿತು. ಅಲ್ಲಿ 'ಐಟಮ್‌ಸೆಂಡ್' ಜಾಗದಲ್ಲಿ 'ಆನ್‌ಮೆಸೇಜ್‌ಸೆಂಡ್'. ಚೀಟಿ ಹಿಂದಿರುಗಿಸುವ ಪದ್ಧತಿ ಹೋಗಿ, ಕೆಲಸ ಮುಗಿದ ಮೇಲೆ 'ಈವೆಂಟ್ ಡಾಟ್ ಕಂಪ್ಲೀಟೆಡ್' ಎಂದು ಬಾಯಿಬಿಟ್ಟು ಹೇಳಬೇಕು. ನಾನು ಲಗತ್ತು ಮರೆತಿದ್ದರೆ ಏನು ಮಾಡಬೇಕೆಂದು ಬಹಳ ಮುತುವರ್ಜಿಯಿಂದ ಬರೆದು, ಅಲ್ಲಿ ಅದನ್ನು ಹೇಳಿದ್ದೆ. ಲಗತ್ತು ಸರಿಯಾಗಿದ್ದರೆ ಹೇಳುವುದನ್ನು ಮರೆತಿದ್ದೆ. ಎಲ್ಲ ಸರಿ ಇರುವ ಸಂದರ್ಭ ನನ್ನ ವಿಷಯದಲ್ಲಿ ಬರಬಹುದೆಂದು ಹೊಳೆಯಲೇ ಇಲ್ಲ.

ಹೀಗಾಗಿ ತಪ್ಪು ಮೇಲುಗಳು ಥಟ್ಟನೆ ಹಿಂದಿರುಗಿದವು. ಸರಿಯಾದವು ಕಳಿಸಿದಲ್ಲೇ ಕೂತವು. ನಮ್ಮ ಸೋದರಮಾವನ ಷಷ್ಟ್ಯಬ್ದಿಯಲ್ಲಿ ಪಂಕ್ತಿಯ ಹಿರಿಯರೊಬ್ಬರು ಮಜ್ಜಿಗೆ ಅನ್ನದ ಮೇಲೆ ಹಾಗೇ ಜೊಂಪು ಹೋಗಿದ್ದರು. ಅವರು ಉತ್ತರಾಪೋಶನ ತೆಗೆದುಕೊಳ್ಳದೆ ಉಳಿದವರು ಏಳುವಂತಿಲ್ಲ. ಕೈ ಒಣಗುತ್ತಿದೆ, ಎರಡನೇ ಪಂಕ್ತಿಯವರು ಬೆನ್ನ ಹಿಂದೆಯೇ ನಿಂತಿದ್ದಾರೆ, ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ಅಲ್ಲಿ ಕೊನೆಗೆ ಅಡುಗೆಯವರು ಬೇಕೆಂದೇ ಒಂದು ಸೌಟು ಬೀಳಿಸಿದರು. ಔಟ್‌ಲುಕ್ ಸುಮಾರು 300 ಸೆಕೆಂಡು ಕಾದು, ಆಮೇಲೆ ಕೈಬಿಡುತ್ತದೆ. ಮೇಲ್ ಹೊರಡಲೆಂದು ಕಾಯುತ್ತಾ ಕೂತವನಿಗೆ ಐದು ನಿಮಿಷ ಎಷ್ಟು ದೊಡ್ಡದೆಂದು ಕೂತವನಿಗೇ ಗೊತ್ತು.

ಅದೂ ಸರಿಹೋಯಿತು. ಆಡ್-ಇನ್ ಈಗ ಪರ್ಫೆಕ್ಟು ಎಂದು ಮನೆಯಲ್ಲಿ ಸಾರಿದೆ. ನನ್ನಾಕೆ ನಂಬಲಿಲ್ಲ. ಈ ತಿಂಗಳು ಮಳೆ ಚೆನ್ನಾಗಿ ಹೊಯ್ದದ್ದರಿಂದ ಟ್ಯಾಂಕರೇ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕೂತು 'ಖರ್ಚು ಇಲ್ಲದ ಕಾರಣ ಪಟ್ಟಿ ಲಗತ್ತಿಸಿಲ್ಲ' ಎಂದು ಬರೆದು ಕಳಿಸಿದೆ. ಹೋಗಲಿಲ್ಲ. 'ಲಗತ್ತು ಮರೆತಿದ್ದೀರಿ' ಎಂದು ನನ್ನ ಆಡ್-ಇನ್ ನನ್ನನ್ನೇ ತಡೆದು ನಿಲ್ಲಿಸಿತು. 'ಲಗತ್ತಿಸಿಲ್ಲ'ದಲ್ಲೂ 'ಲಗತ್ತಿಸಿ' ಇದೆಯಲ್ಲ! ನಿಷೇಧರೂಪವನ್ನು ಗುರುತಿಸುವ ಕೋಡು ಬರೆಯಲು ಆ ಹೊತ್ತಿನಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಒಂದು ಖಾಲಿ ಎಕ್ಸೆಲ್ ಹಾಳೆಯನ್ನು ಲಗತ್ತಿಸಿ ಕಳಿಸಿ ಮಲಗಿಬಿಟ್ಟೆ.

ಬೆಳಿಗ್ಗೆ ಲಿಫ್ಟಿನಲ್ಲಿ ಹೆಡ್‌ಮಾಸ್ಟರರು ಸಿಕ್ಕರು. 'ಲಗತ್ತಿಸಿಲ್ಲ ಅಂತ ಬರೆದು ಲಗತ್ತಿಸಿದ್ದೀಯಲ್ಲಯ್ಯಾ, ಏನದು?' ಎಂದರು.

ನಾನು ಎರಡನೇ ಮಹಡಿಯಲ್ಲೇ ಇಳಿದುಕೊಂಡೆ.