ಬೇಡಿಕೆ-ಮುದ್ರಣ ಮೀಮಾಂಸೆ: ಹಳ್ಳಿಖೇಡ (ಬಿ) ಪರಿಪ್ರೇಕ್ಷ್ಯದಲ್ಲೊಂದು ತಾತ್ವಿಕ ಅನುಸಂಧಾನ

ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ) ಪಟ್ಟಣವನ್ನು ಕೇಂದ್ರಬಿಂದುವಾಗಿ ಇರಿಸಿಕೊಂಡು, ಸ್ವಂತ ವಿನ್ಯಾಸಗಳನ್ನು ಆನ್‌ಲೈನ್‌ನಲ್ಲಿ ಮಾರುವ ಬೇಡಿಕೆ-ಮುದ್ರಣ ಮಾರುಕಟ್ಟೆಯ ಸತ್ತಾಸ್ವರೂಪವನ್ನು ಬಹುಶಿಸ್ತೀಯ ನೆಲೆಯಲ್ಲಿ ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶವಾಗಿದೆ. ಹಳ್ಳಿಖೇಡವೇ ಏಕೆ ಎಂದು ವಿದ್ವಾಂಸರು ಕೇಳಬಹುದು. 'ಎಲ್ಲಿ ಬೇಕಾದರೂ ಕೂತು ಜಗತ್ತಿಗೆಲ್ಲ ಮಾರಿ' ಎಂದು ವೆಬಿನಾರುಗಳಲ್ಲಿ ಬೋಧಿಸುವ ಆಚಾರ್ಯರು ಆ 'ಎಲ್ಲಿ' ಎಂಬುದಕ್ಕೆ ಇದುವರೆಗೆ ಒಂದು ಊರಿನ ಹೆಸರನ್ನೂ ಹೇಳಿದ್ದಿಲ್ಲ. ಸಿದ್ಧಾಂತವನ್ನು ಪರೀಕ್ಷಿಸಬೇಕೆಂದರೆ ಅದನ್ನು ಒಂದು ಪಿನ್‌ಕೋಡಿಗೆ ಇಳಿಸಲೇಬೇಕು. ಅದೇ ತಾಲ್ಲೂಕಿನಲ್ಲಿ ಹಳ್ಳಿಖೇಡ (ಕೆ) ಎಂಬ ಇನ್ನೊಂದು ಊರು ಇರುವುದರಿಂದ ಆವರಣದೊಳಗಿನ ಅಕ್ಷರವನ್ನು ಓದುಗರು ಪಾಂಡಿತ್ಯಪ್ರದರ್ಶನವೆಂದು ಭಾವಿಸಬಾರದು. ಪ್ರದರ್ಶನ ಮುಂದಿದೆ.

ಮೊದಲು ಲಕ್ಷಣ. ಗಿರಾಕಿ ಆರ್ಡರ್ ಕೊಡುವ ತನಕ ಹುಟ್ಟದೆ, ಕೊಟ್ಟ ಬಳಿಕ ಅನ್ಯರ ಯಂತ್ರದಲ್ಲಿ ಹುಟ್ಟಿ, ಅನ್ಯರ ಡಬ್ಬಿಯಲ್ಲಿ ಕೂತು, ಅನ್ಯರ ಹೆಸರಿನಲ್ಲಿ ಮನೆ ಸೇರುವ ಸರಕಿಗೆ ಬೇಡಿಕೆ-ಮುದ್ರಿತವೆಂದು ಹೆಸರು. ವಿನ್ಯಾಸಕಾರನು (ವಿನ್ಯಾಸಕಾರ್ತಿಯೂ ಇಲ್ಲಿ ಅಡಕ) ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಒಂದು ಚಿತ್ರ ಬರೆದು ಜಾಲತಾಣಕ್ಕೆ ಏರಿಸುತ್ತಾನೆ. ತಾಣವು ಅದನ್ನು ಟೀಶರ್ಟು, ಮಗ್ಗು, ಮೊಬೈಲ್ ಕವರು, ತಲೆದಿಂಬುಗಳ ಮೇಲೆ ಅಂಟಿಸಿದಂತೆ ತೋರಿಸುತ್ತದೆ. ಯಾರಾದರೂ ಕೊಂಡರೆ ಎಲ್ಲೋ ಇರುವ ಮುದ್ರಣಾಲಯ ಅಚ್ಚು ಹಾಕಿ ಕಳಿಸುತ್ತದೆ. ಮೂಲಬೆಲೆ ತಾಣದ್ದು, ಅದರ ಮೇಲೆ ಹಾಕಿದ ಅಂಚು ವಿನ್ಯಾಸಕಾರನದು. ಅಮೆರಿಕದ ಕೆಫೆಪ್ರೆಸ್ 1999ರಲ್ಲಿ ಈ ಮಾರ್ಗ ತೆರೆಯಿತು, ಮೆಲ್ಬರ್ನಿನ ರೆಡ್‌ಬಬಲ್ 2006ರಲ್ಲಿ ಬಂತು, ಅಮೆಜಾನ್ 2015ರಲ್ಲಿ ತನ್ನ ಮರ್ಚ್ ವಿಭಾಗ ಆರಂಭಿಸಿತು.

ಈ ಸರಕಿನ ಇರವನ್ನು ಅರಿಯಲು ಅದರ ಇಲ್ಲದಿರುವಿಕೆಯಿಂದಲೇ ಹೊರಡಬೇಕು. ನ್ಯಾಯ-ವೈಶೇಷಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದು ಈ ಮಾರುಕಟ್ಟೆಯ ಸಲುವಾಗಿಯೇ ಎಂಬುದು ನಮ್ಮ ವಿನಮ್ರ ಪ್ರತಿಪಾದನೆ. ಒಂದನೆಯದು ಪ್ರಾಗಭಾವ, ಎಂದರೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಅಂಗಡಿಯ ತುಂಬ ಸಾವಿರ ಅಂಗಿ ತೂಗಿದ್ದರೂ ಒಂದೂ ನೂಲಿಲ್ಲದ ಸ್ಥಿತಿ ಇದು. ಎರಡನೆಯದು ಪ್ರಧ್ವಂಸಾಭಾವ: 'ನಮ್ಮ ನೀತಿಗೆ ಹೊಂದುವುದಿಲ್ಲ' ಎಂಬ ಒಂದು ಸಾಲಿನ ಮಿಂಚಂಚೆಯ ನಂತರ ಚಿತ್ರ ಇದ್ದ ಜಾಗದಲ್ಲಿ ಉಳಿಯುವುದು. ಮೂರನೆಯದು ಅತ್ಯಂತಾಭಾವ, ಮೂರು ಕಾಲಕ್ಕೂ ಇಲ್ಲದಿರುವುದು. ಕನ್ನಡ ಅಕ್ಷರವಿರುವ ಅಂಗಿಯನ್ನು ಕನ್ನಡದಲ್ಲಿ ಹುಡುಕಿ ಕೊಂಡ ಗಿರಾಕಿಯನ್ನು ಈ ವರ್ಗಕ್ಕೆ ಸೇರಿಸಬಹುದು. ನಾಲ್ಕನೆಯದು ಅನ್ಯೋನ್ಯಾಭಾವ. ಅದಕ್ಕೂ ಒಂದು ಉದಾಹರಣೆ ಹೊಂದಿಸಬಹುದಿತ್ತು, ಆದರೆ ಹೊಂದಿಸಿ ಆಗಬೇಕಾದ್ದೇನಿಲ್ಲ. ವಿಂಗಡಣೆ ಇಲ್ಲಿಗೆ ಸಾಕು.

ಇನ್ನು ಈ ಶಾಸ್ತ್ರದ ಮಹಾವಾಕ್ಯಕ್ಕೆ ಬರೋಣ: ನಿಷ್ಕ್ರಿಯ ಆದಾಯ. ಒಮ್ಮೆ ಚಿತ್ರ ಏರಿಸಿದರೆ ಸಾಕು, ನೀವು ಮಲಗಿದ್ದಾಗಲೂ ದುಡ್ಡು ಬರುತ್ತದೆ ಎಂಬುದು ಬೋಧಕರ ಪಾಠ. ವೇದಾಂತದ ಬ್ರಹ್ಮವೂ ನಿಷ್ಕ್ರಿಯವೇ, ಅದನ್ನೂ ಕಣ್ಣಾರೆ ಕಂಡೆವೆಂದವರು ಕಡಿಮೆ. ಆದಾಯ ನಿಷ್ಕ್ರಿಯವಾಗಿರಬಹುದು, ಅದನ್ನು ಬರಮಾಡಿಕೊಳ್ಳುವ ಕ್ರಿಯೆಗಳನ್ನು ಮಾತ್ರ ಎಣಿಸಬೇಕು. ಅಮೆಜಾನಿನ ಮರ್ಚ್‌ಗೆ 4,500 ಅಡ್ಡ, 5,400 ಉದ್ದದ ಪಿಕ್ಸೆಲ್ ಚಿತ್ರ ಬೇಕು. ಹೊಸಬನಿಗೆ ಮೊದಲು ಹತ್ತೇ ವಿನ್ಯಾಸಕ್ಕೆ ಜಾಗ, ಹತ್ತು ಮಾರಿದ ಮೇಲೆ ಮುಂದಿನ ಮೆಟ್ಟಿಲು. ಆಮೇಲೆ ಶೀರ್ಷಿಕೆ, ವಿವರಣೆ, ಟ್ಯಾಗು, ಎಲ್ಲವೂ ಇಂಗ್ಲಿಷಿನಲ್ಲಿ, ಹಳ್ಳಿಖೇಡವನ್ನು ಎಂದೂ ಕಾಣದವನೊಬ್ಬ ಏನೆಂದು ಹುಡುಕಬಹುದೆಂದು ಊಹಿಸಿ ಬರೆದದ್ದು. ಎಟ್ಸಿ ಎಂಬ ಇನ್ನೊಂದು ತಾಣದಲ್ಲಿ ಒಂದು ಸರಕಿಗೆ ಹದಿಮೂರು ಟ್ಯಾಗು. ಮುಂದೆ ಇನ್‌ಸ್ಟಾಗ್ರಾಮ್, ಪಿಂಟರೆಸ್ಟ್, ರೀಲ್ಸು. ಭಾವನ ಗುಂಪಿಗೆ, ಬೀಗರ ಗುಂಪಿಗೆ, ಹಳೇ ವಿದ್ಯಾರ್ಥಿಗಳ ಗುಂಪಿಗೆ ಕೊಂಡಿ. ಇದರಲ್ಲಿ ಯಾವ ಕೆಲಸಕ್ಕೂ ಕೂಲಿಯಿಲ್ಲ, ಯಾವುದೂ ಒಂದು ದಿನಕ್ಕೆ ಮುಗಿಯುವುದಿಲ್ಲ.

ಈ ಪ್ರಬಂಧದ ವಾದವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು, ಪಾರಿಭಾಷಿಕ ಪದಗಳ ಹಿಂದೆ ಅಡಗಿಸಿಟ್ಟು ಲಾಭವಿಲ್ಲ. ಪ್ರಚಾರವೆಲ್ಲ ವಿನ್ಯಾಸಕಾರನದು, ಅದರಿಂದ ಬಂದ ಗಿರಾಕಿ ಮಾತ್ರ ತಾಣದವನು. ಅಂಗಿ ಕೊಂಡವಳ ಹೆಸರು, ಊರು, ಫೋನ್ ನಂಬರು ಯಾವುದೂ ರೆಡ್‌ಬಬಲ್‌ನಲ್ಲಾಗಲಿ ಮರ್ಚ್‌ನಲ್ಲಾಗಲಿ ಚಿತ್ರ ಬರೆದವನ ಕೈಗೆ ಬರುವುದಿಲ್ಲ. ಅವನು ತನ್ನ ನಂಟರ ಗುಂಪಿನಿಂದ ಎಳೆದು ತಂದ ಗಿರಾಕಿಗೆ ಮರುದಿನ ತಾಣ ಇನ್ಯಾರದೋ ಚಿತ್ರ ತೋರಿಸುತ್ತದೆ. ಅಂಚಿನ ಗತಿಯೂ ಹೀಗೆಯೇ. ರೆಡ್‌ಬಬಲ್‌ನಲ್ಲಿ ತಾನಾಗಿ ಬರುವ ಅಂಚು ಮೂಲಬೆಲೆಯ ಮೇಲೆ ಶೇ 20. ಮೂಲಬೆಲೆ 500 ರೂಪಾಯಿ ಎಂದಿಟ್ಟುಕೊಂಡರೆ ಚಿತ್ರಕ್ಕೆ 100. ಆ ನೂರು ಪೂರ್ತಿ ಸಿಗುತ್ತದೆಂದಲ್ಲ. 2023ರ ಮೇ ತಿಂಗಳಿಂದ ಆ ತಾಣ ಕಲಾವಿದರನ್ನು ಶ್ರೇಣಿಗಳಲ್ಲಿ ವಿಂಗಡಿಸಿ, ಕೆಳಶ್ರೇಣಿಯವರ ಗಳಿಕೆಯಿಂದಲೇ ಖಾತೆ ಶುಲ್ಕ ಹಿಡಿದುಕೊಳ್ಳತೊಡಗಿತು. 2022ರ ಏಪ್ರಿಲ್‌ನಲ್ಲಿ ಎಟ್ಸಿ ತನ್ನ ವಹಿವಾಟು ಶುಲ್ಕವನ್ನು ಶೇ 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಮಾರಾಟಗಾರರು ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಶುಲ್ಕ ಇಳಿಯಲಿಲ್ಲ.

ಇದಕ್ಕೆ ಧರ್ಮಶಾಸ್ತ್ರದ ಆಧಾರ ಬೇಡವೇ ಎಂದರೆ, ಆಧಾರ ಪಕ್ಕದ ಬಸವಕಲ್ಯಾಣದಲ್ಲೇ ಇದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದನು. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಎಂಬುದು ಅವನ ಮತ. ಬಂಗಾಳದ ದಾಯಭಾಗ ಪಂಥದವರು ಇದನ್ನೊಪ್ಪದೆ, ತಂದೆ ತೀರಿದ ಮೇಲಷ್ಟೇ ಹಕ್ಕು ಎಂದರು. ತಾಣಗಳು ಯಾವ ಪಂಥದವು ಎಂಬ ಜಿಜ್ಞಾಸೆಗೆ ಉತ್ತರ ಸ್ಪಷ್ಟ. ಗಳಿಕೆ ಗೊತ್ತುಪಡಿಸಿದ ಮೊತ್ತ ಮುಟ್ಟುವ ತನಕ ಕೈಗೆ ಬರುವುದಿಲ್ಲ, ಖಾತೆ ಅಮಾನತಾದರೆ ಆಮೇಲೂ ಬರುವ ಖಾತ್ರಿಯಿಲ್ಲ. ಇದು ದಾಯಭಾಗದ ಕಟ್ಟುನಿಟ್ಟಾದ ಶಾಖೆ. ಇಲ್ಲಿ ಬಾಧ್ಯಸ್ಥನು ಕಾಯುತ್ತಿರುವುದು ತನ್ನದೇ ಸಾವಿಗೆ.

ರಾಜ್ಯಶಾಸ್ತ್ರದ ಕೊಡುಗೆಯನ್ನೂ ಮರೆಯಲಾಗದು. ಇ-ಕಾಮರ್ಸ್ ಮೂಲಕ ಸರಕು ಮಾರುವವರು ಎಷ್ಟೇ ಸಣ್ಣವರಾದರೂ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೆಂಬ ನಿಯಮ 2023ರ ಅಕ್ಟೋಬರ್ 1ರಿಂದ ಸಡಿಲವಾಯಿತು, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಬೀದರ್ ಜಿಲ್ಲೆ ಮೂರು ರಾಜ್ಯಗಳು ಕೂಡುವ ಮೂಲೆ. ಹುಮನಾಬಾದಿನಿಂದ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮೂಡಲಿಗೆ ಹೋದರೆ ತೆಲಂಗಾಣದ ಜಹೀರಾಬಾದ್, ಪಡುವಲಿಗೆ ಹೋದರೆ ಮಹಾರಾಷ್ಟ್ರದ ಉಮರ್ಗಾ. ಹೆಣ್ಣು ತರುವುದೂ ಕೊಡುವುದೂ ಸಂತೆ ಮಾಡುವುದೂ ಆ ಕಡೆಗೇ ಇರುವ ಸೀಮೆ ಇದು. ನೋಂದಣಿಯಿಲ್ಲದ ಹಳ್ಳಿಖೇಡದವನು ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೆ ಒಂದು ಮಗ್ಗು ಮಾರಬಹುದು, ಜಹೀರಾಬಾದಿನಲ್ಲಿರುವ ಸೋದರಮಾವನಿಗೆ ಮಾರುವಂತಿಲ್ಲ. ಜಗತ್ತಿಗೆಲ್ಲ ಮಾರಿ ಎಂಬ ಉಪದೇಶದಲ್ಲಿ 'ಜಗತ್ತು' ಎಂದರೆ ಬೆಂಗಳೂರು ಎಂದು ಅರ್ಥೈಸಿಕೊಳ್ಳತಕ್ಕದ್ದು.

ಈಗ ಪೂರ್ವಪಕ್ಷ. ಬಂಡವಾಳವಿಲ್ಲ, ದಾಸ್ತಾನಿಲ್ಲ, ನಷ್ಟವಿಲ್ಲ, ಹೀಗಿರುವಾಗ ದೂರೇಕೆ ಎಂಬುದು ಮೊದಲ ಆಕ್ಷೇಪ. ಮಾತು ನಿಜವೇ, ಅದರ ಫಲವನ್ನೂ ನೋಡಬೇಕು. ಅಂಗಡಿಗೆ ಸರಕು ಏರಿಸಲು ಖರ್ಚಿಲ್ಲವೆಂದರೆ ಎಲ್ಲರಿಗೂ ಖರ್ಚಿಲ್ಲ, ಯಂತ್ರಕ್ಕೂ ಖರ್ಚಿಲ್ಲ. 2013ರಲ್ಲಿ ಸಾಲಿಡ್ ಗೋಲ್ಡ್ ಬಾಂಬ್ ಎಂಬ ಕಂಪನಿಯ ತಂತ್ರಾಂಶ ಪದಗಳ ಪಟ್ಟಿಯಿಂದ ತಾನೇ ಘೋಷಣೆಗಳನ್ನು ಹೆಣೆದು ಅಮೆಜಾನಿನಲ್ಲಿ ಅಂಗಿಗಳಾಗಿ ತೂಗುಹಾಕಿತ್ತು. ಅವುಗಳಲ್ಲಿ ಅತ್ಯಾಚಾರಕ್ಕೆ ಕುಮ್ಮಕ್ಕು ಕೊಡುವ ಸಾಲೂ ಬಂದು ಜನ ರೊಚ್ಚಿಗೆದ್ದಾಗ, ಅಂಥ ಅಂಗಿ ಒಂದೂ ಅಚ್ಚಾಗಿಲ್ಲವೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಪ್ರಾಗಭಾವದಲ್ಲಿರುವಾಗಲೇ ಅಪರಾಧ ಮಾಡಿದ ಸರಕು ನ್ಯಾಯಶಾಸ್ತ್ರದ ಇತಿಹಾಸದಲ್ಲೇ ಅಪೂರ್ವ. ಮುಂದೆ ಕನ್ನಡಿಗರಿಗೂ ಇದರ ರುಚಿ ತಿಳಿಯಿತು. 2021ರ ಜೂನ್‌ನಲ್ಲಿ ಅಮೆಜಾನಿನ ಕೆನಡಾ ತಾಣದಲ್ಲಿ ಕನ್ನಡ ಬಾವುಟದ ಬಣ್ಣ ಮತ್ತು ರಾಜ್ಯಲಾಂಛನ ಹೊತ್ತ ಬಿಕಿನಿ ಮಾರಾಟಕ್ಕೆ ಬಂದು, ಆಗಿನ ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಡಬೇಕಾಯಿತು. ಗಂಡಭೇರುಂಡ ಏನೆಂದು ತಿಳಿದು ಅದನ್ನು ಬಿಕಿನಿಗೆ ಹಾಕುವಷ್ಟು ದುಷ್ಟತನ ಅಲ್ಲಿ ಇತ್ತೆಂದು ತೋರುವುದಿಲ್ಲ. ತಿಳಿಯುವ ಅಗತ್ಯವೇ ಇರಲಿಲ್ಲ ಎಂಬುದು ಅದಕ್ಕಿಂತ ಭೀಕರ. ಇಂಥ ಕೋಟಿಗಟ್ಟಲೆ ಚಿತ್ರಗಳ ನಡುವೆ ಒಬ್ಬ ಮನುಷ್ಯ ಕೂತು ಬರೆದದ್ದು ಕಾಣಬೇಕೆಂದರೆ ಜಾಹೀರಾತಿಗೆ ದುಡ್ಡು ಸುರಿಯಬೇಕು. ಬಂಡವಾಳವಿಲ್ಲ ಎಂದದ್ದು ಬಾಗಿಲವರೆಗೆ ಮಾತ್ರ.

ಎರಡನೆಯ ಆಕ್ಷೇಪ ಹೆಚ್ಚು ಘನವಾದದ್ದು. ಹಾಗಾದರೆ ಜಾತ್ರೆಯಲ್ಲಿ ಅಂಗಡಿ ಹಾಕಬೇಕೇ? ಅಲ್ಲಿ ಜಾಗದ ಬಾಡಿಗೆ, ತೈಬಜಾರಿ, ಮಳೆ, ಪೊಲೀಸು, ಉಳಿದ ಮಾಲು ಇವೆಲ್ಲ ಇಲ್ಲವೇ? ಇವೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಅಂಗಡಿಕಾರ ಸುಖದಲ್ಲಿದ್ದಾನೆಂದು ಯಾವ ಪ್ರಬಂಧವೂ ಸಾಧಿಸಲಾರದು. ಆದರೆ ತೈಬಜಾರಿಯವನು ಚೀಟಿ ಹರಿದು ಕೊಟ್ಟು ಮುಂದಕ್ಕೆ ಹೋಗುತ್ತಾನೆ. ಗಿರಾಕಿಯ ಮುಖಕ್ಕೂ ಅಂಗಡಿಕಾರನ ಮುಖಕ್ಕೂ ನಡುವೆ ಬಂದು ನಿಲ್ಲುವುದಿಲ್ಲ, ಪಕ್ಕದ ಅಂಗಡಿಯ ಬಳೆಯನ್ನು ಈ ಅಂಗಡಿಯ ಬಳೆಯ ಪಕ್ಕದಲ್ಲೇ ಇಟ್ಟು ತೋರಿಸುವುದಿಲ್ಲ, ಮುಂದಿನ ವರ್ಷ ಅದೇ ಗಿರಾಕಿ ಹುಡುಕಿಕೊಂಡು ಬಂದರೆ ತಡೆಯುವುದಿಲ್ಲ.

ಇಲ್ಲಿಗೆ ನಗೆ ನಿಲ್ಲಿಸಬೇಕಾಗಿದೆ, ಏಕೆಂದರೆ ಬಿದರಿಯ ಮಾತು ಬರುತ್ತಿದೆ. ಸತು-ತಾಮ್ರದ ಮಿಶ್ರಣವನ್ನು ಎರಕ ಹೊಯ್ದು, ಮೈಲುತುತ್ತದಿಂದ ಕಪ್ಪು ಮಾಡಿ, ಅದರ ಮೇಲೆ ಕಣ್ಣಳತೆಯಲ್ಲೇ ಬಳ್ಳಿ ಕೊರೆದು, ಆ ಗೀರಿಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕುದಿಸಿದ ನೀರು ತಗುಲಿಸಿದರೆ ಲೋಹ ಕಪ್ಪಾಗಿ ಬೆಳ್ಳಿ ಹಾಗೇ ಉಳಿಯುತ್ತದೆ. ಈ ಕೆಲಸಕ್ಕೆ 2005-06ರಲ್ಲಿ ಭೌಗೋಳಿಕ ಸೂಚಿಕೆ ಬಂತು, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೆ ಸೂಚಿಕೆ ಕಾಯುವುದು ಹೆಸರನ್ನು, ಬಳ್ಳಿಯ ಬಳುಕನ್ನಲ್ಲ. ಅಶರ್ಫಿ-ಕಿ-ಬೂಟಿ ಎಂಬ ಬಿದರಿ ವಿನ್ಯಾಸದ ಫೋಟೊ ತೆಗೆದು, ಹಿನ್ನೆಲೆ ಅಳಿಸಿ, ಮೊಬೈಲ್ ಕವರಿಗೆ ಹಾಕಲು ಸುತ್ತಿಗೆ ಬೇಕಿಲ್ಲ, ಬೀದರ್ ಎಲ್ಲಿದೆ ಎಂದೂ ಗೊತ್ತಿರಬೇಕಿಲ್ಲ. ಹೀಗಿರುವಾಗ 'ನೀವೂ ಡಿಜಿಟಲ್ ಆಗಿ, ನಿಮ್ಮ ಮಕ್ಕಳಿಗೆ ಅಪ್‌ಲೋಡ್ ಮಾಡಲು ಕಲಿಸಿ' ಎಂದು ಕುಶಲಕರ್ಮಿಗಳಿಗೆ ಮೈಕಿನಲ್ಲಿ ಹೇಳುವವರಿಗೆ ನಾಚಿಕೆಯಾಗಬೇಕು. ಬೆಳ್ಳಿಯ ದರ ಏರುತ್ತಿರುವಾಗ ತಂತಿಗೆ ಸಾಲ ಸಿಗುವುದು ಹೇಗೆಂದು ಅವರು ಹೇಳುವುದಿಲ್ಲ. ಕದ್ದ ಚಿತ್ರವನ್ನು ತೆಗೆಸಲು ಯಾವ ಭಾಷೆಯಲ್ಲಿ ಯಾರಿಗೆ ಬರೆಯಬೇಕೆಂದು ಹೇಳುವುದಿಲ್ಲ. ಸ್ಲೈಡು ಮುಗಿಯುತ್ತದೆ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಮೂರು ತಲೆಮಾರಿನ ಕೈಯೊಂದು ಕವರಿನ ಮೇಲಿನ ಡಿಸೈನ್ ಆಗಿ ಮುಗಿಯುವುದನ್ನು ಅವಕಾಶವೆಂದು ಕರೆಯಬಲ್ಲ ಭಾಷೆ ಅವರಿಗೆ ಮಾತ್ರ ಬರುತ್ತದೆ.

ಇದೇ ನೆಲದಲ್ಲಿ ಹನ್ನೆರಡನೆಯ ಶತಮಾನದ ಹೊತ್ತಿಗೆ ನೇಯುವವರು, ದೋಣಿ ನಡೆಸುವವರು, ಅಕ್ಕಿ ಆಯುವವರು ವಚನ ಹೇಳಿದರು, ಒಬ್ಬೊಬ್ಬರ ವಚನಕ್ಕೂ ಒಂದೊಂದು ಅಂಕಿತವಿತ್ತು. ಕೂಡಲಸಂಗಮದೇವ ಎಂದು ಕಂಡರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ರಾಮನಾಥ ಎಂದರೆ ನೇಯುವ ಜೇಡರ ದಾಸಿಮಯ್ಯ. ಎಷ್ಟು ಬಾಯಿ ದಾಟಿದರೂ ಹೇಳಿದವರು ಕಳೆದುಹೋಗಲಿಲ್ಲ. ಇಂದು ಕಾಯಕವನ್ನು ಕೈಲಾಸಕ್ಕೆ ಸಮೀಕರಿಸುವ ಎರಡು ಪದ ಅಚ್ಚಾದ ಅಂಗಿಯನ್ನು ಯಾರದೆಂದು ಕೇಳಿದರೆ, ತೊಟ್ಟವನು ತಾಣದ ಹೆಸರು ಹೇಳುತ್ತಾನೆ. ಅಕ್ಕಿ ಆಯುವ ಮಾರಯ್ಯ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದ ಅವನ ಹೆಂಡತಿ ಲಕ್ಕಮ್ಮ ಈ ತಾಣಗಳ ಶುಲ್ಕಪಟ್ಟಿಯನ್ನು ನೋಡಿದ್ದರೆ ಏನೆನ್ನುತ್ತಿದ್ದಳೋ.

ಹಾಗೆಂದು ಚಿತ್ರ ಬರೆಯುವವರು ಮಾರಬಾರದೆಂದಲ್ಲ. ಮಾರಲೇಬೇಕು, ಹೊಟ್ಟೆಯಿದೆ. ಆದರೆ ವೆಬಿನಾರಿನಲ್ಲಿ ಹೇಳದ ಎರಡು ಕಾಯ್ದೆಗಳನ್ನು ತಿಳಿದು ಮಾರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ವಿನ್ಯಾಸ ಕಾಯ್ದೆಯಡಿ ನೋಂದಣಿಗೆ ಅರ್ಹವಿದ್ದೂ ನೋಂದಾಯಿಸದ ವಿನ್ಯಾಸವನ್ನು ಹೊತ್ತ ಸರಕು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಾದರೆ ಅದರ ಕೃತಿಸ್ವಾಮ್ಯ ಹೋಗುತ್ತದೆ. ಎಂದರೆ ಐವತ್ತೊಂದನೆಯ ಮಗ್ಗು ಮಾರಾಟವಾದ ದಿನ, ಗೆದ್ದೆನೆಂದು ಸ್ಟೇಟಸ್ ಹಾಕಿಕೊಳ್ಳುವ ಹೊತ್ತಿಗೇ, ಹಕ್ಕು ಕೈಬಿಟ್ಟಿರಬಹುದು. ಆಗ ಓಡಿ ನೋಂದಣಿ ಮಾಡಿಸೋಣವೆಂದರೆ 2000ದ ವಿನ್ಯಾಸ ಕಾಯ್ದೆ, ಮೊದಲೇ ಪ್ರಕಟವಾದ ವಿನ್ಯಾಸ ಹೊಸತಲ್ಲ ಎನ್ನುತ್ತದೆ. ತಾಣಕ್ಕೆ ಏರಿಸಿದ್ದೂ ಪ್ರಕಟಣೆಯೇ. ಆದ್ದರಿಂದ ಅಂಗಿ-ಮಗ್ಗುಗಳ ಮೇಲೆ ಅಚ್ಚಾಗಲೆಂದೇ ಹೊಸ ವಿನ್ಯಾಸ ಬರೆದವರು ಅಪ್‌ಲೋಡ್ ಗುಂಡಿ ಒತ್ತುವ ಮುನ್ನ ಅರ್ಜಿ ಹಾಕಬೇಕು. ವಿನ್ಯಾಸ ಕಚೇರಿ ಕೋಲ್ಕತ್ತದಲ್ಲಿದೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಒಬ್ಬ ವ್ಯಕ್ತಿಗೆ ಶುಲ್ಕ ಒಂದು ಸಾವಿರ ರೂಪಾಯಿ, ರಕ್ಷಣೆ ಮೊದಲು ಹತ್ತು ವರ್ಷ, ನವೀಕರಿಸಿದರೆ ಇನ್ನೈದು. ಮೇಲೆ ಹೇಳಿದ ಲೆಕ್ಕದಲ್ಲಿ ಅದು ಹತ್ತು ಅಂಗಿಗಳ ಅಂಚು.