ಮಡಚುವ ಸೈಕಲ್ಲಿಗೆ ಘಟ್ಟದ ಪರೀಕ್ಷೆ

ಲಂಡನ್ನಿನ ಬ್ರಾಂಪ್ಟನ್ ಕಂಪನಿಯ ಮಡಚುವ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ 16 ಇಂಚಿನ ಚಕ್ರ. ಅಲ್ಲಿಯ ಡಾಂಬರಿಗೆ ಅದು ಸರಿ. ಸಿದ್ದಾಪುರದ ಮಳೆಗಾಲದ ಹೊಂಡಕ್ಕೆ ಅದು ಬರೀ ನೈವೇದ್ಯ! ನಮ್ಮ ಕಡೆಯವರು 20 ಇಂಚಿನ, ದಪ್ಪ ಟೈರಿನದನ್ನೇ ನೋಡಬೇಕು. ಗೇರಂತೂ ಕಡ್ಡಾಯ. ಗೇರಿಲ್ಲದೆ ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದವರು ವಾಪಸು ಬರುವಾಗ ಸೈಕಲ್ಲನ್ನು ತುಳಿಯುವುದಿಲ್ಲ, ಹೊರುತ್ತಾರೆ. 12 ಕಿಲೋ ಎಷ್ಟು ಭಾರ ಎಂಬುದು ಆಗ ತಿಳಿಯುತ್ತದೆ, ಅಂಗಡಿಯಲ್ಲಲ್ಲ.

ಇನ್ನು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಮಡಚಿ ಹಿಡಿದು ನಿಂತರೆ ಕಂಡಕ್ಟರಿಗೆ ಲಗೇಜಿನ ಚಿಂತೆ. ಪಕ್ಕದಲ್ಲಿ ಕವಳ ಜಗಿಯುತ್ತಿರುವ ಹೆಗಡೇರಿಗೆ ಬೇರೆಯದೇ ಕುತೂಹಲ: “ತಮಾ, ಇದು ಮಡಚಿದ್ದೋ, ಮುರಿದಿದ್ದೋ?”

ಕೊಳ್ಳುವ ಮೊದಲು ಮಡಚುವ ಕೀಲನ್ನು ಅಲುಗಾಡಿಸಿ ನೋಡಿ. ಕೊಂಡ ಮೇಲೆ, ಮಳೆಗಾಲ ಮುಗಿಯುವ ತನಕ ಅದಕ್ಕೆ ಎಣ್ಣೆ ತಪ್ಪಿಸಬೇಡಿ.