ಹೊಗೆನಕಲ್ ನ್ಯಾಯ: ಬೆಚ್ಚಗಿನ ಸ್ಪೀಕರಿಗೆ ಆಂಪ್ಲಿಫೈಯರ್ ಗೊತ್ತುಮಾಡುವ ಶಾಸ್ತ್ರ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದ್ದೇ ಇದೆ ಎಂದು ನೈಯಾಯಿಕರು ತಲೆತಲಾಂತರದಿಂದ ಪಾಠ ಹೇಳಿದರು. ಅವರಲ್ಲಿ ಯಾರೂ ಧರ್ಮಪುರಿ ಜಿಲ್ಲೆಯ ಕಡೆ ತಲೆಹಾಕಿದಂತಿಲ್ಲ. ಹಾಕಿದ್ದರೆ, ಕಾವೇರಿ ಬಂಡೆಗೆ ಅಪ್ಪಳಿಸಿ ಎಬ್ಬಿಸುವ ತುಂತುರಿಗೆ ಕನ್ನಡದ ನಾಲಗೆ ‘ಹೊಗೆನಕಲ್’ ಎಂದು ಹೆಸರಿಟ್ಟಿರುವುದು ಕಾಣುತ್ತಿತ್ತು. ಹೊಗೆಯುಂಟು, ಬೆಂಕಿಯಿಲ್ಲ, ಕೈಯೊಡ್ಡಿದರೆ ತಣ್ಣೀರು. ಹೈಫೈ ಶಾಸ್ತ್ರದ ಜಗಳವೆಲ್ಲ ಈ ಒಂದು ಊರ ಹೆಸರಿನಿಂದಲೇ ಇತ್ಯರ್ಥವಾಗುತ್ತದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ‘ಬೆಚ್ಚಗಿನ ಸ್ಪೀಕರ್’ ಮುಟ್ಟಿದರೆ ಬೆಚ್ಚಗಿರುವುದಿಲ್ಲ. 100ರಿಂದ 300 ಹರ್ಟ್ಸ್ ಆಸುಪಾಸಿನ ದನಿ ತುಸು ಉಬ್ಬಿ, ಮೇಲಿನ ಕೀರಲು ತುಸು ತಗ್ಗಿದರೆ ಮೃದಂಗದ ಎಡಬದಿ ತುಂಬಿಕೊಳ್ಳುತ್ತದೆ, ತಾಳದ ಕಿಣಿಕಿಣಿ ಮೆತ್ತಗಾಗುತ್ತದೆ. ಅದಕ್ಕೆ ಇಟ್ಟ ಹೆಸರು ಕಾವು.

ಇನ್ನು ಪೂರ್ವಪಕ್ಷ. ಉಷ್ಣಕ್ಕೆ ಮಜ್ಜಿಗೆ ಎನ್ನುವ ಪಂಥದವರು ಬೆಚ್ಚಗಿನ ಸ್ಪೀಕರಿಗೆ ‘ತಂಪು’ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಗಂಟುಹಾಕುತ್ತಾರೆ. ಬೆಲ್ಲಕ್ಕೆ ಜೇನು ಎನ್ನುವ ಪಂಥದವರು ವಾಲ್ವ್ ಆಂಪ್ಲಿಫೈಯರನ್ನೇ ತರುತ್ತಾರೆ. ಇಬ್ಬರೂ ಜಾತಕದಲ್ಲಿ ನೋಡುವುದು ಜ್ವರವೊಂದನ್ನೇ. ನೋಡಬೇಕಾದದ್ದು ಏನೆಂಬುದನ್ನು ಸೇಲಂನ ಕನ್ನಡ ಮಾತಿನ ದೇವಾಂಗರ ಮಗ್ಗ ತೋರಿಸಿಕೊಡುತ್ತದೆ. ನೂಲಿನ ಬಣ್ಣ ಎಷ್ಟೇ ಚೆಂದವಿರಲಿ, ಹಾಸು ಸಡಿಲವಾದರೆ ಬಟ್ಟೆ ಸುಕ್ಕು. ಸ್ಪೀಕರಿನ ಕೋನನ್ನು ಬಿಗಿಹಿಡಿಯುವುದು ಆಂಪ್ಲಿಫೈಯರಿನ ಔಟ್‌ಪುಟ್ ಇಂಪಿಡೆನ್ಸ್. ಅದು 0.08 ಓಮ್ ಆಗಿದ್ದು ಸ್ಪೀಕರ್ 8 ಓಮ್ ಆದರೆ ಡ್ಯಾಂಪಿಂಗ್ ಫ್ಯಾಕ್ಟರ್ 100; 2 ಓಮ್ ಇರುವ ವಾಲ್ವ್ ಯಂತ್ರದಲ್ಲಿ ಬರೀ 4. ಆಗ ಪೆಟ್ಟು ನಿಂತ ಮೇಲೂ ವೂಫರ್ ತೂಗಾಡುತ್ತದೆ, ಮೊದಲೇ ಉಬ್ಬಿದ್ದ ದನಿ ಇನ್ನಷ್ಟು ಊದಿಕೊಳ್ಳುತ್ತದೆ. ಈ ಬಾವನ್ನೇ ಎರಡನೆಯ ಪಂಥ ‘ಮಾಧುರ್ಯ’ ಎಂದು ಭಾಷ್ಯ ಬರೆಯುತ್ತದೆ. ಮೊದಲನೆಯ ಪಂಥದ ಮದುವೆ ಸರಿಹೋಗುವುದೂ ಉಂಟು, ಆದರೆ ಬಿಗಿಯಿಂದ, ತಂಪಿನಿಂದಲ್ಲ. ಎರಡನೆಯ ಗುಣ ಸೆನ್ಸಿಟಿವಿಟಿ. 1 ವ್ಯಾಟಿಗೆ 83 ಡೆಸಿಬೆಲ್ ಕೊಡುವ ಸ್ಪೀಕರಿಗೆ 8 ವ್ಯಾಟ್ ಉಣಿಸಿದರೆ 1 ಮೀಟರ್ ದೂರದಲ್ಲಿ 92. ಅಲ್ಲಿಂದ ಇನ್ನು 10 ಡೆಸಿಬೆಲ್ ಮೇಲೇರಲು 80 ವ್ಯಾಟ್ ಬೇಕು. ಇದನ್ನು ಕೇಳದೆ ಲಗ್ನ ಗೊತ್ತುಮಾಡುವವರು ಹುಡುಗನ ಮೈಬಣ್ಣ ನೋಡಿ ಸಂಬಳ ಕೇಳದವರ ಹಾಗೆ.

‘ಅಂಕಿಯೇಕೆ, ಕಿವಿಯೇ ಪ್ರಮಾಣವಲ್ಲವೇ?’ ಎಂದು ಪ್ರತ್ಯಕ್ಷವಾದಿಗಳು ಎದ್ದು ನಿಲ್ಲಬಹುದು. ನಿಲ್ಲಲಿ. ಆದರೆ ಕಿವಿಗೆ ತುಸು ಜೋರಾದದ್ದೇ ಇಂಪು. ಎರಡೂ ಆಂಪ್ಲಿಫೈಯರುಗಳ ದನಿಮಟ್ಟ ಸರಿದೂಗಿಸಿ, ಪೆಟ್ಟಿಗೆಗಳ ಮೇಲೆ ಒಂದು ಪಂಚೆ ಹೊದಿಸಿ, ಆಮೇಲೆ ಸಾಕ್ಷಿ ಹೇಳಲಿ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕ್ಲಾಸ್ ಎ ಆಂಪ್ಲಿಫೈಯರ್ ನಿಜಕ್ಕೂ ಬಿಸಿಯಲ್ಲವೇ? ಹೌದು. ಲೆಕ್ಕದ ಪ್ರಕಾರ ಅದರ ದಕ್ಷತೆ 50 ಪ್ರತಿಶತ ದಾಟದು. ಹಾಡು ನಿಂತಾಗ ಎಳೆದ ಕರೆಂಟೆಲ್ಲ ಕಾವೇ. ಇಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೂ ಬಂದರೆ ನೈಯಾಯಿಕರನ್ನು ಬಿಟ್ಟು ರಿಪೇರಿಯವರನ್ನು ಕರೆಯಬೇಕು. ಸುಮಾರು 1,500 ಮೀಟರ್ ಎತ್ತರದ ಏರ್ಕಾಡಿನಲ್ಲಿ ಈ ಕಾವು ಕಂಬಳಿಯ ಖರ್ಚು ಉಳಿಸೀತು. ಕೆಳಗೆ ಸೇಲಂನಲ್ಲಿ, ಅಗ್ನಿನಕ್ಷತ್ರದ ದಿನಗಳಲ್ಲಿ, ಅದನ್ನು ಹಚ್ಚಿದವರು ಮರುಗಳಿಗೆಯೇ ಫ್ಯಾನ್ ಹಾಕುತ್ತಾರೆ. ಫ್ಯಾನಿನ ಗರಗರದಲ್ಲಿ ವಾಲ್ವ್ ಯಾವುದು, ಟ್ರಾನ್ಸಿಸ್ಟರ್ ಯಾವುದು ಎಂಬ ಭೇದ ಅಳಿದು ಎರಡು ಪಂಥಗಳೂ ಅದ್ವೈತಕ್ಕೆ ಸಲ್ಲುತ್ತವೆ. ಆದ್ದರಿಂದ ಸಿದ್ಧಾಂತ ಇಷ್ಟು: ಬೆಚ್ಚಗಿನ ಸ್ಪೀಕರಿಗೆ ಬಿಗಿಹಿಡಿತದ, ಸಾಕಷ್ಟು ವ್ಯಾಟಿನ ಆಂಪ್ಲಿಫೈಯರ್ ತರಬೇಕು; ಆದರೆ ಅದಕ್ಕೂ ಮೊದಲು ಸದ್ದಿಲ್ಲದ ಫ್ಯಾನ್ ತರಬೇಕು.